ಕೋಂ ಧರ್ಮೇಂದ್ರ

ಬೆಳಗೊಳ
೯ ಜನವರಿ ೨೦೨೫

ವಕೀಲರಾದ ಶ್ರೀಮತಿ ನೋರಾ ಹೀಲಿಯವರಿಗೆ ನಮಸ್ಕಾರ.

ನಾನು ಶ್ರೀರಂಗಪಟ್ಟಣ ತಾಲೂಕು ಬೆಳಗೊಳದ ದಿವಂಗತ ಚಿಕ್ಕಸಿದ್ದಯ್ಯನವರ ಹೆಂಡತಿ ಲಕ್ಷ್ಮಿದೇವಮ್ಮ. ಹತ್ತನೇ ತರಗತಿಯವರೆಗೆ ಓದಿದ್ದೇನೆ, ನಮ್ಮ ಕಾಲಕ್ಕೆ ಅದು ಕಡಿಮೆಯಲ್ಲ. ನಮ್ಮೂರಿನ ಮಹಿಳಾ ಹಾಲು ಸಂಘಕ್ಕೆ ಎರಡು ಅವಧಿ ಅಧ್ಯಕ್ಷೆಯಾಗಿದ್ದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನಲ್ಲಿ ನಮ್ಮ ಪೈಕಿಯವರು ಹೆಣ್ಣು ಕೊಡುವ ಮುಂಚೆಯೂ ತರುವ ಮುಂಚೆಯೂ ನನ್ನ ಬಾಗಿಲಿಗೆ ಬಂದು ಒಂದು ಮಾತು ಕೇಳಿ ಹೋಗುತ್ತಾರೆ. ನಾನು ಆಗಬಹುದು ಎಂದ ಸಂಬಂಧ ಯಾವುದೂ ಮುರಿದಿಲ್ಲ. ಜಂಬಕ್ಕೆ ಬರೆಯುತ್ತಿಲ್ಲ. ನಾನು ಯಾರು ಎಂದು ನೀವು ಕೇಳಿದ್ದೀರಿ, ಅದಕ್ಕೆ ಬರೆದೆ.

ನನ್ನ ಮಗಳು ರಮ್ಯಶ್ರೀ ನಿಮ್ಮ ವಾಟರ್‌ಫರ್ಡ್ ಊರಿನಲ್ಲಿ ಮನೆ ಕೊಳ್ಳುತ್ತಿದ್ದಾಳೆ, ಅದರ ಕಾಗದಪತ್ರ ನೀವು ನೋಡುತ್ತಿದ್ದೀರಿ ಎಂದು ಸೊಸೆ ಪ್ರಮೀಳಾ ಹೇಳಿ ತಿಳಿಯಿತು. ಮಗಳು ನನಗೆ ಹೇಳಿಲ್ಲ. ಹೇಳುವ ಹಾಗೂ ಇಲ್ಲ. ಗಂಡನ ಮನೆಗೆ ಹಿಂತಿರುಗುವವರೆಗೆ ನನ್ನ ಹತ್ತಿರ ಮಾತಾಡಬೇಡ ಎಂದಿದ್ದೆ. ಅವಳೂ ಹಟಮಾರಿ, ಆರು ವರ್ಷವಾಯಿತು, ಮಾತಾಡಿಲ್ಲ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಪ್ರಮೀಳಾ ಇದರ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸುತ್ತಾಳೆ. ಇಂಗ್ಲಿಷಿಗೆ ಮಾಡಿ ನಿಮಗೆ ಕೊಡುವವಳು ರಮ್ಯಶ್ರೀಯೇ ಎಂದು ಗೊತ್ತು. ಒಂದು ಅಕ್ಷರ ಬಿಡದೆ ಮಾಡಲಿ. ನಿಮ್ಮ ಉತ್ತರವನ್ನೂ ಹಾಗೆಯೇ ಕನ್ನಡಕ್ಕೆ ಮಾಡಲಿ.

ತೊಣ್ಣೂರಿನ ಗದ್ದೆ ಮಾರಿ ಕಳಿಸಿದ ಹಣ ಸಾಲವೋ ಉಡುಗೊರೆಯೋ ಎಂದು ನಿಮ್ಮ ಬ್ಯಾಂಕಿನವರು ಬರೆಸಿ ಕೇಳಿದ್ದಾರಂತೆ. ತಾಯಿ ಮಗಳಿಗೆ ಕೊಟ್ಟದ್ದಕ್ಕೂ ಒಂದು ಹೆಸರಿಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಆ ಗದ್ದೆ ರಮ್ಯಳಿಗೆ ಎಂದು ಅವಳ ಅಪ್ಪ ಕಣ್ಣು ಮುಚ್ಚುವ ಮುಂಚೆ ಹೇಳಿದ್ದರು. ಅವರ ಮಾತು, ಕೊಟ್ಟೆ. ವಾಪಸ್ಸು ಕೇಳುವುದಿಲ್ಲ. ಇದನ್ನೇ ನೋಟರಿ ಮುಂದೆ ಬರೆದು ಬೇರೆ ಕಳಿಸಿದ್ದೇನೆ.

ಇನ್ನು ಆ ಗದ್ದೆಯ ಪಹಣಿ. ಅದರಲ್ಲಿ ‘ಲಕ್ಷ್ಮಿದೇವಮ್ಮ ಕೋಂ ಚಿಕ್ಕಸಿದ್ದಯ್ಯ’ ಎಂದಿರುವುದನ್ನು ಮೈಸೂರಿನಲ್ಲಿ ಯಾರೋ ಇದ್ದ ಹಾಗೇ ಇಂಗ್ಲಿಷಿಗೆ ಇಳಿಸಿ, ನೀವು ಅದನ್ನು ಓದಿ, ಮಿಸೆಸ್ ಕೋಂ ಎಂಬುವರು ಯಾರು, ಅವರ ಸಹಿ ಏಕಿಲ್ಲ ಎಂದು ಕೇಳಿದ್ದೀರಿ. ಪ್ರಮೀಳಾ ಅಡುಗೆಮನೆಗೆ ಹೋಗಿ ನಕ್ಕಳು. ನಾನು ನಗಲಿಲ್ಲ. ಗೊತ್ತಿಲ್ಲದವರು ಕೇಳುವುದು ತಪ್ಪಲ್ಲ. ಕೋಂ ಎಂಬ ಹೆಂಗಸು ಯಾರೂ ಇಲ್ಲ. ನಮ್ಮ ಸರ್ಕಾರಿ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ಬಿನ್ ಎಂದು ಹಾಕಿ ಅಪ್ಪನ ಹೆಸರು ಬರೆಯುತ್ತಾರೆ. ಮದುವೆಯಾದ ಹೆಂಗಸಿನ ಮುಂದೆ ಕೋಂ ಎಂದು ಹಾಕಿ ಗಂಡನ ಹೆಸರು ಬರೆಯುತ್ತಾರೆ. ಇಂಥವರ ಹೆಂಡತಿ ಎಂದು ಅರ್ಥ. ಗಂಡ ಹೋದರೂ ಕೋಂ ಹೋಗುವುದಿಲ್ಲ.

ನನ್ನ ಮಗಳ ಹೆಸರನ್ನೂ ನಿಮ್ಮ ಕಾಗದದಲ್ಲಿ ಸರಿಯಾಗಿ ಬರೆದುಕೊಳ್ಳಿ. ರಮ್ಯಶ್ರೀ ಕೋಂ ಧರ್ಮೇಂದ್ರ, ಕ್ಯಾತನಹಳ್ಳಿ, ಪಾಂಡವಪುರ ತಾಲೂಕು.

ಕಡೆಯದಾಗಿ, ಮನೆ ಮಾರುವವರಿಗೂ ಬೇರೆ ವಕೀಲರಿದ್ದಾರಂತೆ. ಜಗಳವೇನಾದರೂ ಇದೆಯೇ? ನಮ್ಮಲ್ಲಿ ವಕೀಲರ ಹತ್ತಿರ ಹೋಗುವುದು ಜಗಳವಾದ ಮೇಲೆ. ಜಮೀನಾಗಲಿ ಮನೆಯಾಗಲಿ ಕೊಳ್ಳುವುದಕ್ಕೆ ಶ್ರೀರಂಗಪಟ್ಟಣದಲ್ಲಿ ಪತ್ರ ಬರೆಯುವ ಶಿವಲಿಂಗಯ್ಯನವರು ಸಾಕು. ಕೊಡುವವರಿಗೂ ಅವರೇ, ಕೊಳ್ಳುವವರಿಗೂ ಅವರೇ. ಇಬ್ಬರೂ ಅವರ ಬೆಂಚಿನ ಮೇಲೆ ಕೂತು ಒಂದೇ ಕಡೆಯಿಂದ ಟೀ ತರಿಸಿ ಕುಡಿಯುತ್ತಾರೆ. ನೀವು ಯಾರ ಕಡೆಯವರು ಎಂಬುದನ್ನು ತಿಳಿಸಬೇಕು.

ಇಷ್ಟು ಬರೆದು ರುಜು ಹಾಕಿದವಳು,
ಲಕ್ಷ್ಮಿದೇವಮ್ಮ


ವಾಟರ್‌ಫರ್ಡ್, ಐರ್ಲೆಂಡ್
೨೭ ಜನವರಿ ೨೦೨೫

ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ,

ಉಡುಗೊರೆ ಪತ್ರ ಬಂತು, ಬ್ಯಾಂಕು ಒಪ್ಪಿದೆ. ಕೋಂ ಬಗ್ಗೆ ವಿವರಿಸಿದ್ದಕ್ಕೆ ಕೃತಜ್ಞತೆ. ಇಲ್ಲದ ಒಬ್ಬ ಹೆಂಗಸಿಗೆ ನಾನು ಜ್ಞಾಪನಾ ಪತ್ರ ಬರೆಯುವುದರಲ್ಲಿದ್ದೆ.

ನಾನು ಯಾರ ಕಡೆ ಎಂದು ಕೇಳಿದ್ದೀರಿ. ನಿಮ್ಮ ಮಗಳ ಕಡೆ, ಅವರೊಬ್ಬರ ಕಡೆ ಮಾತ್ರ. ಮನೆ ಮಾರಾಟದಲ್ಲಿ ಒಬ್ಬ ವಕೀಲರು ಎರಡೂ ಕಡೆ ನಿಲ್ಲಲು ಇಲ್ಲಿ ಅವಕಾಶವಿಲ್ಲ. ಜಗಳವಿದೆ ಎಂದಲ್ಲ. ಮುಂದೆ ಆಗದಿರಲಿ ಎಂದು. ಹೊರದೇಶದಿಂದ ಬಂದವರಿಗೆ ಇಲ್ಲಿನ ಕಾನೂನು ಗೊತ್ತಿರುವುದಿಲ್ಲ, ಮಾರುವವರಿಗೆ ಗೊತ್ತಿರುತ್ತದೆ. ಆ ಅಂತರ ತುಂಬುವುದು ನನ್ನ ಕೆಲಸ.

ಆದರೆ ನಿಮ್ಮ ಪತ್ರದಿಂದ ಒಂದು ತೊಡಕು ತಿಳಿಯಿತು. ನಿಮ್ಮ ಮಗಳು ಒಂಟಿಯಾಗಿ ಇರುವವರು ಎಂದು ನನ್ನ ಕಡತದಲ್ಲಿತ್ತು. ನೀವು ಅವರನ್ನು ಧರ್ಮೇಂದ್ರ ಎಂಬುವರ ಹೆಂಡತಿ ಎಂದು ಬರೆದಿದ್ದೀರಿ. ನಾನು ಕೇಳಿದಾಗ ಅವರು, ಬೇರೆಯಾಗಿ ಆರು ವರ್ಷವಾಯಿತು, ಕಾಗದ ಯಾವುದೂ ಆಗಿಲ್ಲ ಎಂದರು. ಗೊತ್ತಾದ ಮೇಲೆ ನಾನು ಅದನ್ನು ಬ್ಯಾಂಕಿನಿಂದ ಮುಚ್ಚಿಡುವಂತಿಲ್ಲ. ಮದುವೆಯಾದವರು ಒಬ್ಬರೇ ಸಾಲ ಪಡೆದು ಮನೆ ಕೊಳ್ಳಬೇಕಾದರೆ, ಆ ಮನೆಯಲ್ಲಿ ತನಗೆ ಹಕ್ಕಿಲ್ಲ ಎಂದು ಗಂಡನ ಸಹಿ ಬೇಕು ಎಂದು ಬ್ಯಾಂಕು ಹೇಳುತ್ತದೆ. ಇಲ್ಲವೇ ನ್ಯಾಯಾಲಯದ ವಿಚ್ಛೇದನ ಪತ್ರ ಬೇಕು.

ಎರಡರಲ್ಲಿ ಯಾವುದು ಸಾಧ್ಯ?

ವಿಶ್ವಾಸದಿಂದ,
ನೋರಾ ಹೀಲಿ

(ಒಂದು ಅಕ್ಷರ ಬಿಡದೆ ಅನುವಾದ ಮಾಡಿದ್ದೇನೆ. ರಮ್ಯಶ್ರೀ.)


ಬೆಳಗೊಳ
೧೪ ಫೆಬ್ರವರಿ ೨೦೨೫

ವಕೀಲಮ್ಮನವರಿಗೆ,

ನನ್ನ ಮಗಳು ಬೇರೆಯಾಗಿಲ್ಲ. ಕೆಲಸಕ್ಕೆ ಹೋಗಿದ್ದಾಳೆ. ನರ್ಸಿಂಗ್ ಓದಿದವಳು, ನಿಮ್ಮ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು, ಗಂಡ ಒಪ್ಪಿ ಕಳಿಸಿದ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಇಷ್ಟೇ. ನೀವೂ ಇಷ್ಟನ್ನೇ ಬರೆದುಕೊಂಡರೆ ಸಾಕು. ವಿಚ್ಛೇದನ ಎಂಬ ಮಾತನ್ನು ನನ್ನ ಮನೆಗೆ ಬರುವ ಕಾಗದದಲ್ಲಿ ಇನ್ನು ಬರೆಯಬೇಡಿ.

ಆ ಸಂಬಂಧ ನಾನೇ ನೋಡಿ ಮಾಡಿದ್ದು. ಧರ್ಮೇಂದ್ರ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಕಬ್ಬಿನ ಗದ್ದೆ ಇದೆ, ಎಮ್ಮೆ ಹಸು ಇವೆ, ಅವನ ತಾಯಿ ದ್ಯಾವಮ್ಮ ಬಾಯಿ ಜೋರಾದರೂ ಕೆಟ್ಟವಳಲ್ಲ. ಹಾಗಿದ್ದೂ ಇವಳು ಒಂದು ದಿನ ಬ್ಯಾಗು ಹಿಡಿದು ಬಂದಳು. ಏನಾಯಿತು ಎಂದರೆ, ‘ನಂಗೆ ಅಲ್ಲಿ ಉಸ್ರಾಡಕಾಗಕಿಲ್ಲ ಕಣವ್ವ’ ಎಂದಳು. ಬೇರೆ ಮಾತಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ಎದೆಯ ಡಾಕ್ಟರಿಗೆ ತೋರಿಸಿದೆ. ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟರು. ಆಟೊ ಮಾಡಿ ವಾಪಸ್ಸು ಕಳಿಸಿದೆ. ಸ್ವಲ್ಪ ದಿನಕ್ಕೆ ವಿಮಾನ ಹತ್ತಿದಳು ಎಂದು ಸುದ್ದಿ ಬಂತು. ಇದನ್ನು ನಿಮಗೆ ಬರೆಯಬೇಕಾಗಿರಲಿಲ್ಲ.

ಗಂಡನ ಸಹಿ ತಾನೇ? ಅದು ದೊಡ್ಡದಲ್ಲ. ಕಾಗದ ಕಳಿಸಿ, ನಾನು ಹಾಕಿಸಿ ಕೊಡುತ್ತೇನೆ. ನನ್ನ ಮಾತಿಗೆ ಅವನು ಇಲ್ಲ ಎನ್ನುವುದಿಲ್ಲ. ಸಹಿಯೂ ಆಗುತ್ತದೆ, ಮದುವೆಯೂ ಇದ್ದ ಹಾಗೆ ಇರುತ್ತದೆ.

ಆದರೆ ಕೊಳ್ಳುವ ಮುಂಚೆ ಮನೆ ಸರಿಯಾಗಿ ನೋಡಿದ್ದೀರಾ? ಚಕ್ಕುಬಂದಿ ಏನು? ಅಂದರೆ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ. ಅದು ಗೊತ್ತಿಲ್ಲದೆ ನಮ್ಮಲ್ಲಿ ದನದ ಕೊಟ್ಟಿಗೆಯನ್ನೂ ಕೊಳ್ಳುವುದಿಲ್ಲ. ಹುಡುಕಿದರೆ ಪ್ರತಿ ಮನೆಯಲ್ಲೂ ಒಂದು ದೋಷ ಸಿಗುತ್ತದೆ. ಸಿಕ್ಕರೆ ಸಂಕೋಚವಿಲ್ಲದೆ ಅವಳಿಗೆ ಹೇಳಿ. ಬೇಡ ಎಂದು ಬಿಟ್ಟು ಬರಲಿ.

ಲಕ್ಷ್ಮಿದೇವಮ್ಮ


ವಾಟರ್‌ಫರ್ಡ್
೬ ಮಾರ್ಚ್ ೨೦೨೫

ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ,

ನಿಮ್ಮ ಚಕ್ಕುಬಂದಿ ಪ್ರಶ್ನೆಯನ್ನು ನಮ್ಮ ಸರ್ವೇಯರ್ ಬಹಳ ಮೆಚ್ಚಿಕೊಂಡರು. ಪೂರ್ವಕ್ಕೆ ಮಿಸೆಸ್ ಪವರ್ ಎಂಬ ನಿವೃತ್ತ ಶಿಕ್ಷಕಿಯ ಮನೆ, ನಡುವಿನ ಗೋಡೆ ಎರಡು ಮನೆಗೂ ಒಂದೇ. ಪಶ್ಚಿಮಕ್ಕೆ ಓಣಿ. ಉತ್ತರಕ್ಕೆ ರಸ್ತೆ. ದಕ್ಷಿಣಕ್ಕೆ ಹಿತ್ತಿಲು, ಅದರಲ್ಲಿ ಒಂದು ಸೇಬಿನ ಮರ, ಅದರಾಚೆ ಶಾಲೆಯ ಕಾಂಪೌಂಡು. ದೋಷವೂ ಸಿಕ್ಕಿದೆ. ಹಿಂಬದಿಯ ಗೋಡೆಗೆ ತೇವ ಹತ್ತುತ್ತದೆ. ಮಾರುವವರೇ ಸರಿಮಾಡಿಸಿ ಕೊಡಬೇಕು ಎಂದು ಬರೆದಿದ್ದೇನೆ.

ನಿಮ್ಮ ಮಗಳು ಈ ಬೀದಿಯಲ್ಲಿ ಇದಕ್ಕಿಂತ ಒಳ್ಳೆಯ ಎರಡು ಮನೆಗಳನ್ನು ಬೇಡ ಎಂದರು. ಅವುಗಳಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿದ್ದವು. ಮಂಡಿನೋವು ಇರುವವರು ಬಂದರೆ ಕೆಳಗೇ ಒಂದು ಕೋಣೆ ಬೇಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ಇದನ್ನು ನಿಮಗೆ ತಿಳಿಸಬಹುದೇ ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ಬೇಡ ಎನ್ನಲೂ ಇಲ್ಲ.

ಗಂಡನವರು ಸಹಿ ಮಾಡಬೇಕಾದ ಪತ್ರ ಇದರ ಜೊತೆಗಿದೆ. ತಾವು ಯಾವುದಕ್ಕೆ ಸಹಿ ಮಾಡುತ್ತಿದ್ದೇವೆ ಎಂಬುದನ್ನು ಅವರು ತಮ್ಮದೇ ವಕೀಲರಿಂದ ತಿಳಿದುಕೊಂಡು ಮಾಡಬೇಕು. ನಿಮ್ಮಿಂದಾಗಲಿ ನನ್ನಿಂದಾಗಲಿ ತಿಳಿದರೆ ಸಾಲದು. ಮಾರುವವರು ಏಪ್ರಿಲ್ ಕೊನೆಯವರೆಗೆ ಕಾಯುತ್ತಾರೆ.

ವಿಶ್ವಾಸದಿಂದ,
ನೋರಾ ಹೀಲಿ

(ಒಂದು ಅಕ್ಷರ ಬಿಟ್ಟಿಲ್ಲ. ಬಿಡೋಣ ಅನ್ನಿಸಿತ್ತು. ರ.)


ಬೆಳಗೊಳ
೧೭ ಏಪ್ರಿಲ್ ೨೦೨೫

ವಕೀಲಮ್ಮನವರಿಗೆ,

ನನ್ನ ಮಂಡಿ ಚೆನ್ನಾಗಿದೆ. ಅದರ ಚಿಂತೆ ಅಲ್ಲಿ ಯಾರೂ ಮಾಡಬೇಕಾಗಿಲ್ಲ.

ನಿಮ್ಮ ಕಾಗದ ತೆಗೆದುಕೊಂಡು ನಾನೂ ಮಗ ಶಿವಪ್ರಕಾಶನೂ ಕ್ಯಾತನಹಳ್ಳಿಗೆ ಹೋಗಿದ್ದೆವು. ಬೀಗರ ಮನೆಗೆ ಬರಿಗೈಲಿ ಹೋಗಬಾರದು ಎಂದು ಹಣ್ಣು, ಬಿಸ್ಕತ್ತು ಹಿಡಿದಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡ ದ್ಯಾವಮ್ಮ, ‘ಇಬ್ರೇ ಬಂದ್ರಾ, ಸೊಸೆ ಹಿಂದ್ಲ ಬಸ್ಸಲ್ಲಿ ಬತ್ತಾವ್ಳಾ’ ಎಂದಳು. ಚುಚ್ಚಿದ್ದೋ ನಿಜವಾಗಿ ಕೇಳಿದ್ದೋ ತಿಳಿಯಲಿಲ್ಲ. ಕಾಫಿ ಕೊಟ್ಟರು. ಧರ್ಮೇಂದ್ರ ಕಬ್ಬಿಗೆ ನೀರು ಕಟ್ಟಿ ಬಂದು, ಕೈಕಾಲು ತೊಳೆದುಕೊಂಡು, ನನ್ನೆದುರು ಕುರ್ಚಿಯಲ್ಲಿ ಕೂರದೆ ಜಗಲಿಯ ಅಂಚಿನಲ್ಲಿ ಕೂತ. ಮರ್ಯಾದೆಗೆ ಏನೂ ಕಡಿಮೆಯಿಲ್ಲ.

ನಾನು ಕಾಗದದಲ್ಲಿ ಇರುವುದನ್ನು ಹೇಳಿದೆ. ಅವನದೇ ಒಬ್ಬ ವಕೀಲ ಬೇಕು ಎಂಬುದನ್ನೂ ಹೇಳಿದೆ, ಅದು ನನಗೆ ಅತಿಯಾಗಿ ಕಂಡರೂ. ಅವನು ಕೇಳಿಸಿಕೊಂಡು, ಇದಕ್ಕೆ ಹಾಕುವುದಿಲ್ಲ ಎಂದ. ಮನೆಯಲ್ಲಿ ಪಾಲು ಬೇಕೇ ಎಂದು ಶಿವಪ್ರಕಾಶ ಸ್ವಲ್ಪ ದನಿ ಏರಿಸಿದ. ಅವನು ಶಿವಪ್ರಕಾಶನ ಕಡೆ ತಿರುಗಲೂ ಇಲ್ಲ.

‘ಅತ್ತೆ, ಅವ್ಳ ಮನೆ ಕಟ್ಕಂಡು ನಾನೇನ್ ಮಾಡ್ಲಿ. ಗಂಡ ಅಂತ ಸೈನ್ ಆಕಿ ಅಂತೀರಿ. ನಾನು ಗಂಡನಾ? ದಿನಾ ಡೈರಿಗೆ ಹಾಲು ತಕ್ಕೊಂಡ್ ಓಯ್ತೀನಿ. ದಿನಾ ಒಬ್ರಲ್ಲ ಒಬ್ರು ಎಂಡ್ತಿ ಯಾವಾಗ ಬತ್ತಾಳ್ಲಾ ಅಂತಾರೆ. ನಾನು ಬಾಯ್ ಬುಡೋ ವೊತ್ಗೆ ಅವ್ರೇ ಏಳ್ತಾರೆ, ನಿಮ್ಮತ್ತೆ ಶ್ರಾವಣಕ್ಕೆ ಅಂದವ್ರೆ ಅಂತ. ಆರು ಶ್ರಾವಣ ಆಯ್ತು. ನಾನು ಬುಟ್ಟೋನಾ, ಬುಡಿಸ್ಕಂಡೋನಾ, ಇಲ್ಲಾ ಕಾಯ್ತಾ ಇರೋನಾ, ಏಳಿ.’

ಅವನು ಮತ್ತೆ, ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬಿಡುವ ಕಾಗದವಾದರೆ ಹಾಕುತ್ತೇನೆ, ಒಂದು ಕಾಸು ಬೇಡ ಎಂದ. ಆದರೆ ಅದಕ್ಕೆ ಮುಂಚೆ ನಾನು ಅವನೂರಿನ ಡೈರಿಗೆ ಹೋಗಿ, ಬೆಳಿಗ್ಗೆ ಹಾಲು ಹಾಕುವವರೆಲ್ಲ ಇರುವಾಗ, ಅವಳು ಬರುವುದಿಲ್ಲ ಎಂದು ಹೇಳಬೇಕಂತೆ. ‘ನಾನು ಏಳುದ್ರೆ ಯಾರೂ ನಂಬಕಿಲ್ಲ. ನಾಕು ತಾಲೂಕೂ ನಂಬೋದು ನಿಮ್ಮ ಬಾಯ್ನೇಯ’ ಎಂದ.

ಬಿಸ್ಕತ್ತಿನ ಕವರು ಅಲ್ಲೇ ಇಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಶಿವಪ್ರಕಾಶ ಏನೇನೋ ಮಾತಾಡುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ವಕೀಲಮ್ಮನವರೇ, ಇಂಥದ್ದಕ್ಕೆ ನಿಮ್ಮ ಕಾನೂನಿನಲ್ಲಿ ಏನು ದಾರಿ? ನಾಡಿದ್ದು ಕೆ.ಆರ್. ಪೇಟೆಯಿಂದ ಒಂದು ಹೆಣ್ಣಿನ ಕಡೆಯವರು ನನ್ನನ್ನು ಕೇಳಿಕೊಂಡು ಹೋಗಲು ಬರುತ್ತಿದ್ದಾರೆ. ಅವರ ಮುಂದೆ ನಾನು ಏನೆಂದು ಕೂರಲಿ?

ಲಕ್ಷ್ಮಿದೇವಮ್ಮ


ವಾಟರ್‌ಫರ್ಡ್
೨ ಮೇ ೨೦೨೫

ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ,

ಮಾರುವವರಿಂದ ಮೇ ಕೊನೆಯವರೆಗೆ ಸಮಯ ಪಡೆದಿದ್ದೇನೆ. ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದಿದ್ದಾರೆ, ಇನ್ನೊಬ್ಬರು ಮನೆ ನೋಡಿ ಹೋಗಿದ್ದಾರೆ. ಒಪ್ಪಂದಕ್ಕೆ ಇನ್ನೂ ಸಹಿಯಾಗಿಲ್ಲ, ಹಾಗಾಗಿ ಅವರನ್ನು ಹಿಡಿದಿಡಲು ನನ್ನ ಕೈಯಲ್ಲಿ ಏನೂ ಇಲ್ಲ. ಕೋರ್ಟಿನ ಅಂತಿಮ ತೀರ್ಪು ಬೇಡ, ಇಬ್ಬರೂ ಸಹಿ ಮಾಡಿ ಅರ್ಜಿ ಸಲ್ಲಿಸಿದ್ದು ಕಂಡರೆ ಸಮಯ ಮುಂದುವರಿಸಲು ಪ್ರಯತ್ನಿಸಬಹುದು.

ನೀವು ಕೇಳಿದ ದಾರಿ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವಂತಿಲ್ಲ. ನಾನು ನಿಮ್ಮ ಮಗಳ ವಕೀಲೆ, ನಿಮ್ಮವಳಲ್ಲ. ಇದನ್ನು ಬರೆಯಲು ಈ ಸಲ ನನಗೆ ಬೇಸರವಾಯಿತು.

ವಿಶ್ವಾಸದಿಂದ,
ನೋರಾ ಹೀಲಿ

(ಇಲ್ಲಿಂದ ಕೆಳಗಿನದು ವಕೀಲರದ್ದಲ್ಲ. ಅವ್ವ, ನೀನು ಡೈರಿ ಹತ್ರ ಹೋಗೋದು ಬೇಡ. ಮನೆ ಇಲ್ಲದಿದ್ರೂ ನಂಗೆ ನಡೀತದೆ. ನೀನು ಅಲ್ಲಿ ನಿಂತ್ಕೊಳ್ಳೋದನ್ನ ನೆನೆಸ್ಕೊಂಡ್ರೆ ಆಗಲ್ಲ.)


ಬೆಳಗೊಳ
೧೨ ಮೇ ೨೦೨೫

ವಕೀಲಮ್ಮನವರಿಗೆ,

ಅನುವಾದ ಮಾಡುವವರು ತಮ್ಮ ಮಾತು ಸೇರಿಸುವುದು ತಪ್ಪು. ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ನನಗೆ ಬಿಟ್ಟದ್ದು. ಹೋಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿ ಆಗಿತ್ತು. ಯಾರೋ ಬೇಡ ಎಂದದ್ದಕ್ಕಲ್ಲ.

ನನಗೆ ಒಂದು ದಾರಿ ಹೊಳೆದಿದೆ. ಮನೆಯನ್ನು ಶಿವಪ್ರಕಾಶನ ಹೆಸರಿಗೆ ಮಾಡಿ. ಅವನ ಮನೆಯಲ್ಲಿ ಗಂಡ ಹೆಂಡತಿ ಸರಿಯಾಗಿದ್ದಾರೆ, ಪ್ರಮೀಳಾ ಎಲ್ಲಿ ಬೇಕಾದರೂ ಸಹಿ ಹಾಕುತ್ತಾಳೆ. ರಮ್ಯಶ್ರೀ ಅದರಲ್ಲಿ ಇರಲಿ. ಅಣ್ಣನ ಹೆಸರಿನಲ್ಲಿ ತಂಗಿಯದು ಇರುವುದು ನಮ್ಮಲ್ಲಿ ಹೊಸದಲ್ಲ. ಶಿವಲಿಂಗಯ್ಯನವರನ್ನು ಕೇಳಿದೆ, ಇಂಥವು ಎಷ್ಟೋ ಬರೆದಿದ್ದೇನೆ ಎಂದರು.

ಕೆ.ಆರ್. ಪೇಟೆಯವರು ಬಂದು ಹೋದರು. ಗಂಡಿನ ಕಡೆ ಹೇಗೆ ಎಂದು ಕೇಳಿದರು. ಹುಡುಗಿಯನ್ನು ನೀವು ಕೇಳಿದಿರಾ ಎಂದು ನನ್ನ ಬಾಯಿಂದ ಬಂತು. ಅವರು ಮುಖ ಮುಖ ನೋಡಿಕೊಂಡರು. ಏಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಕಳಿಸಿದೆ. ಈವರೆಗೆ ಯಾರನ್ನೂ ಹಾಗೆ ಕಳಿಸಿದವಳಲ್ಲ.

ಬೇಗ ಉತ್ತರ ಬರಲಿ.

ಲಕ್ಷ್ಮಿದೇವಮ್ಮ


ವಾಟರ್‌ಫರ್ಡ್
೪ ಜೂನ್ ೨೦೨೫

ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ,

ನಿಮ್ಮ ಮಗನ ಹೆಸರಿಗೆ ಮಾಡುವ ಸಲಹೆಯನ್ನು ನಾನು ಒಪ್ಪಲಾಗದು ಎಂದು ನಿಮ್ಮ ಮಗಳಿಗೆ ಅಂದೇ ಹೇಳಿದೆ. ಕೊಳ್ಳುವವರು ಒಬ್ಬರು, ಹೆಸರು ಇನ್ನೊಬ್ಬರದು ಎಂದಾದರೆ ಬ್ಯಾಂಕಿಗೆ ನಾನು ಸುಳ್ಳು ಹೇಳಿದಂತೆ. ನಿಮ್ಮ ಮಗಳು ನಾನು ಹೇಳುವ ಮೊದಲೇ ಬೇಡ ಎಂದಿದ್ದರು. ‘ನನ್ನ ಹೆಸರಿನಲ್ಲಿ ಏನಾದರೂ ಒಂದು ಇರಬೇಕು ಎಂದೇ ಇಷ್ಟೆಲ್ಲ ಮಾಡಿದ್ದು’ ಎಂದರು.

ಮನೆ ಹೋಯಿತು. ಮಾರುವವರು ಕಳೆದ ಶುಕ್ರವಾರ ಇನ್ನೊಬ್ಬರ ಜೊತೆ ಒಪ್ಪಂದಕ್ಕೆ ಸಹಿ ಮಾಡಿದ್ದಾರೆ.

ಹಾಗಾಗಿ ಧರ್ಮೇಂದ್ರ ಅವರ ಸಹಿಯಾಗಲಿ ನಿಮ್ಮಿಂದ ಬೇರೆ ಯಾವ ಕಾಗದವಾಗಲಿ ಈಗ ಬೇಕಾಗಿಲ್ಲ. ನೀವು ಯಾರ ಬಳಿಗೂ ಹೋಗಬೇಕಾಗಿಲ್ಲ. ಈ ಕಡತವನ್ನು ಮುಚ್ಚುತ್ತಿದ್ದೇನೆ. ನಿಮ್ಮ ಪತ್ರಗಳು ಇನ್ನು ಬರುವುದಿಲ್ಲ ಎಂಬುದು ನನಗೆ ಕೊರತೆಯೇ.

ವಿಶ್ವಾಸದಿಂದ,
ನೋರಾ ಹೀಲಿ

(ಅನುವಾದ: ರಮ್ಯಶ್ರೀ.)


ಬೆಳಗೊಳ
೨೮ ಜುಲೈ ೨೦೨೫

ರಮ್ಯ,

ಇದನ್ನು ಇಂಗ್ಲಿಷಿಗೆ ಮಾಡಬೇಡ. ಇದು ವಕೀಲಮ್ಮನಿಗಲ್ಲ.

ಕಳೆದ ಸಲದ ಕಾಗದದ ಕೆಳಗೆ ನಿನ್ನ ಸಾಲು ಒಂದಾದರೂ ಇರುತ್ತದೆ ಎಂದು ಪ್ರಮೀಳಾಳಿಂದ ಎರಡು ಸಲ ಮೊಬೈಲು ತೆಗೆಸಿ ನೋಡಿದೆ. ಹೆಸರು ಬಿಟ್ಟರೆ ಏನೂ ಇರಲಿಲ್ಲ. ಮನೆ ಹೋಯಿತಲ್ಲ, ಡೈರಿಗೆ ಹೋಗುವುದು ತಪ್ಪಿ ನಾನು ಉಳಿದುಕೊಂಡೆ ಎಂದು ಮೊದಲು ಅನ್ನಿಸಿತು. ಸುಳ್ಳು ಏಕೆ ಬರೆಯಲಿ. ಮನೆ ಮಂದಿಗೆಲ್ಲ ಸಮಾಧಾನವಾಗಿತ್ತು. ಶಿವಪ್ರಕಾಶ, ‘ಒಳ್ಳೇದೇ ಆಯ್ತು ಬುಡವ್ವ’ ಎಂದ. ನಾನೂ ಹೂಂ ಎಂದೆ.

ಶ್ರಾವಣ ಹತ್ತಿರ ಬಂತು. ಮಾಮೂಲಿನಂತೆ ಸಂಘದ ಹೆಂಗಸರು ಕೇಳಿದರು, ಮಗಳು ಈ ಶ್ರಾವಣಕ್ಕಾದರೂ ಬರುತ್ತಾಳಾ ಎಂದು. ಬರುತ್ತಾಳೆ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಏನು ಪ್ರಯತ್ನಪಟ್ಟರೂ ಆಗಲಿಲ್ಲ. ಉಸಿರು ಕಟ್ಟಿದ ಹಾಗಾಯಿತು. ಅವರು ನೀರು ಕೊಟ್ಟು ಕೂರಿಸಿದರು. ಡಾಕ್ಟರ ಹತ್ತಿರ ಹೋಗಲಿಲ್ಲ. ಏನೂ ತೊಂದರೆಯಿಲ್ಲ ಎಂದು ಬರೆದುಕೊಡುತ್ತಾರೆ ಎಂದು ಗೊತ್ತು.

ಹೋದ ಮಂಗಳವಾರ ಮೊದಲನೇ ಬಸ್ಸಿಗೆ ಕ್ಯಾತನಹಳ್ಳಿಗೆ ಹೋದೆ. ಯಾರನ್ನೂ ಜೊತೆಗೆ ಕರೆಯಲಿಲ್ಲ. ಡೈರಿಯ ಮುಂದೆ ಕ್ಯಾನು ಹಿಡಿದವರು ರಸ್ತೆಯವರೆಗೆ ನಿಂತಿದ್ದರು. ಹಾಲು ಅಳೆಯುವ ಸಂತೋಷ್ ನನ್ನ ಗುರುತು ಹಿಡಿದು, ‘ಅಧ್ಯಕ್ಷರು ಬಂದವ್ರೆ, ಕುರ್ಚಿ ಆಕ್ರಲಾ’ ಎಂದ. ಕೂರಲಿಲ್ಲ. ಕೂತರೆ ಏಳುವುದಿಲ್ಲ ಎಂದು ಗೊತ್ತಿತ್ತು. ಧರ್ಮೇಂದ್ರ ಸಾಲಿನ ಕೊನೆಯಲ್ಲಿದ್ದ, ತಲೆ ಎತ್ತಲಿಲ್ಲ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದೆ. ಅಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

‘ನನ್ನ ಮಗಳು ಈ ಊರ್ಗೆ ಬರಕಿಲ್ಲ. ಬತ್ತಾಳೆ, ಬತ್ತಾಳೆ ಅಂತ ಏಳ್ತಾ ಇದ್ದೋಳು ನಾನು. ಧರ್ಮೇಂದ್ರಂದು ಏನೂ ಇಲ್ಲ. ನನ್ನ ಮಗಳ್ದೂ ಏನೂ ಇಲ್ಲ.’

ಅಷ್ಟೇ ಹೇಳಿದ್ದು. ನೆಲ ಬಿರಿಯುತ್ತದೆ ಎಂದು ಕಾಯುತ್ತಿದ್ದೆ. ಆಗ ಸಾಲಿನಲ್ಲಿದ್ದ ನಿಂಗಮ್ಮ ಎಂಬ ಮುದುಕಿ, ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಉಗಿದು, ‘ಅದು ನಮ್ಗೆಲ್ಲ ಯಾವತ್ತೋ ಗೊತ್ತು ಕಣವ್ವ. ನಿಮ್ಗೆ ಬೇಜಾರಾಗ್ಬಾರ್ದು ಅಂತ ಕೇಳ್ತಿದ್ದೊ. ವಸಿ ಆ ಕಡೀಕೆ ನಿಂತ್ಕಳಿ, ಹಾಲು ಕೆಡ್ತದೆ’ ಎಂದಳು.

ಪಕ್ಕಕ್ಕೆ ನಿಂತೆ. ಸಾಲು ಮುಂದೆ ಹೋಯಿತು.

ಧರ್ಮೇಂದ್ರ ತನ್ನ ಹಾಲು ಹಾಕಿ, ಖಾಲಿ ಕ್ಯಾನು ಒಂದು ಕೈಯಲ್ಲಿ, ನನ್ನ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಬಂದಾಗ, ನನ್ನ ಮಂಡಿ ನೋಡಿ ಕೈ ಕೊಟ್ಟು ಹತ್ತಿಸಿ, ‘ಅವ್ಳು ಚೆನ್ನಾಗವ್ಳಾ’ ಎಂದು ಕೇಳಿದ. ಗೊತ್ತಿಲ್ಲ ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ ರಮ್ಯ. ನಿನ್ನ ಮನೆಯ ಪೂರ್ವಕ್ಕೆ ಯಾರಿದ್ದಾರೆ ಎಂದು ವಕೀಲಮ್ಮನನ್ನು ಕೇಳಿದೆ. ನೀನು ಹೇಗಿದ್ದೀಯ ಎಂದು ಕೇಳಿರಲಿಲ್ಲ.

ಶುಕ್ರವಾರ ಪಾಂಡವಪುರಕ್ಕೆ ಹೋಗಿ, ಇಬ್ಬರೂ ಒಪ್ಪಿ ಬಿಡುವ ಅರ್ಜಿ ಬರೆಸಿದೆ. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ, ಇಬ್ಬರೂ ಒಪ್ಪಿದ ಮೇಲೆ ಒಬ್ಬ ವಕೀಲ ಸಾಕು ಎಂದು ಶಿವಲಿಂಗಯ್ಯನವರು ಹೇಳಿದ್ದರು. ನಾನು ಒಪ್ಪಲಿಲ್ಲ. ನಿನ್ನ ಕಡೆಗೆ ಒಬ್ಬ ಹುಡುಗಿ ವಕೀಲೆ, ಅವನ ಕಡೆಗೆ ಬೇರೆಯವರು. ಅವನಿಗೆ ಅವನ ವಕೀಲರು ಓದಿ ಹೇಳಿದ ಮೇಲೆಯೇ ಅವನು ಸಹಿ ಹಾಕಿದ. ನಿನ್ನ ಸಹಿಯ ಜಾಗ ಖಾಲಿ ಇದೆ. ನಿನ್ನ ವಕೀಲೆ ನಿನಗೆ ನೇರವಾಗಿ ಬರೆಯುತ್ತಾಳೆ, ನನ್ನನ್ನು ನಡುವೆ ಇಟ್ಟುಕೊಳ್ಳಬೇಡ ಎಂದು ಅವಳಿಗೆ ಹೇಳಿದ್ದೇನೆ. ಹಾಕುವುದು ಬಿಡುವುದು ನಿನಗೆ ಸೇರಿದ್ದು. ಹಾಕಿದರೆ ಎಷ್ಟು ತಿಂಗಳಾಗುತ್ತದೋ ಹೇಳಲಾಗದಂತೆ. ಅಷ್ಟರಲ್ಲಿ ಸೇಬಿನ ಮರವಿರುವ ಇನ್ನೊಂದು ಮನೆ ಸಿಗುತ್ತದೋ ಇಲ್ಲವೋ, ಇಲ್ಲಿ ಕೂತು ನಾನು ಏನೂ ಮಾಡಲಾರೆ. ತೇವದ ಗೋಡೆ ಮಾತ್ರ ನೋಡಿಕೊಂಡು ತೆಗೆದುಕೊ.

ಒಂದು ಮಾತು ಉಳಿಯಿತು. ಅರ್ಜಿ ಟೈಪು ಮಾಡುವವನು ಅಭ್ಯಾಸದ ಮೇಲೆ ‘ರಮ್ಯಶ್ರೀ ಕೋಂ’ ಎಂದು ಹೊಡೆದಿದ್ದ. ಅದನ್ನು ತೆಗಿ ಎಂದೆ. ತೆಗೆದು, ಹಾಗಾದರೆ ಅಪ್ಪನ ಹೆಸರು ಹೇಳಿ, ಮಗಳು ಎಂದು ಹಾಕುತ್ತೇನೆ ಎಂದ. ನಿನ್ನಪ್ಪ ಇದ್ದಿದ್ದರೆ ನಿನ್ನನ್ನು ವಾಪಸ್ಸು ಆ ಆಟೊ ಹತ್ತಿಸುತ್ತಿರಲಿಲ್ಲ. ಹತ್ತಿಸಿದವಳು ಇದ್ದೇನೆ, ನನ್ನ ಹೆಸರು ಹಾಕು ಎಂದೆ. ಹಾಗೆ ಹಾಕುವ ವಾಡಿಕೆ ಇಲ್ಲ ಎಂದು ಅವನು ವಕೀಲೆಯ ಮುಖ ನೋಡಿದ. ಅವಳು, ಹಾಕಪ್ಪ ಎಂದಳು.

‘ರಮ್ಯಶ್ರೀ, ಲಕ್ಷ್ಮಿದೇವಮ್ಮನವರ ಮಗಳು, ಬೆಳಗೊಳ.’ ಕನ್ನಡಕ ಹಾಕಿಕೊಂಡು ಓದಿದೆ. ಸರಿಯಾಗಿದೆ ಎಂದೆ. ಪಕ್ಕದಲ್ಲಿ ನನ್ನ ಸಹಿ ಬೇಕಾಗಿರಲಿಲ್ಲ, ಆದರೂ ಕೇಳಿ ಹಾಕಿ ಬಂದೆ.

ನಿನ್ನ ಅವ್ವ